ಮೆದುಳಿಗೆ ಪೆಟ್ಟಾದವರು ಮತ್ತೆ ಕೆಲಸಕ್ಕೆ: ಜೊತೆಗಿರುವವರಿಗೊಂದು ಸಮಗ್ರ ಮಾರ್ಗದರ್ಶಿ

ಹೊಲಿಗೆ ಹಾಕಿದ ಜಾಗದಲ್ಲಿ ಕೂದಲು ಬೆಳೆದಿದೆ. ನಡಿಗೆ ಸರಿಯಾಗಿದೆ, ಮಾತೂ ಸರಿಯಾಗಿದೆ. ನೋಡಲು ಬಂದವರೆಲ್ಲ "ಏನೂ ಆಗದವರ ಥರ ಇದ್ದೀರಲ್ಲ" ಎನ್ನುತ್ತಾರೆ. ಅವರೂ "ಸೋಮವಾರದಿಂದ ಕೆಲಸಕ್ಕೆ ಹೋಗ್ತೀನಿ" ಎಂದು ಹೊರಡುತ್ತಾರೆ. ಮೊದಲ ವಾರ ಎಲ್ಲರಿಗೂ ಖುಷಿ. ಎರಡನೇ ವಾರ ಸಂಜೆ ಮನೆಗೆ ಬಂದವರು ಉಣ್ಣದೆ ಮಲಗಿಬಿಡುತ್ತಾರೆ. ಮೂರನೇ ವಾರ ಒಂದು ಮುಖ್ಯ ಕೆಲಸ ಮರೆತುಹೋಗುತ್ತದೆ, ಯಾರ ಮೇಲೋ ರೇಗಾಟ ಆಗುತ್ತದೆ, ಮ್ಯಾನೇಜರ್ ಕರೆದು "ಇನ್ನೂ ಸ್ವಲ್ಪ ದಿನ ರೆಸ್ಟ್ ತಗೊಳ್ಳಿ" ಎನ್ನುತ್ತಾರೆ. ಎಷ್ಟೋ ಜನರಿಗೆ ಆ ರೆಸ್ಟ್ ಮುಗಿಯುವುದೇ ಇಲ್ಲ.

ಈ ಬರಹ ಆ ಮೂರನೇ ವಾರವನ್ನು ದಾಟುವುದು ಹೇಗೆ ಎಂಬುದರ ಬಗ್ಗೆ. ಗಂಡ, ಹೆಂಡತಿ, ಅಣ್ಣ, ಮಗಳು, ಗೆಳೆಯ, ಮೇಲಧಿಕಾರಿ, ಥೆರಪಿಸ್ಟ್, ಜೊತೆಗೆ ನಿಂತವರು ಯಾರೇ ಆಗಿರಲಿ, ಇದು ಅವರಿಗಾಗಿ. ಅಪಘಾತದಲ್ಲಿ ತಲೆಗೆ ಬಿದ್ದ ಪೆಟ್ಟನ್ನೇ ಮುಖ್ಯವಾಗಿ ಇಟ್ಟುಕೊಂಡು ಬರೆದಿದ್ದೇನೆ. ಸ್ಟ್ರೋಕ್, ಮೆದುಳಿನ ಸೋಂಕು, ಗೆಡ್ಡೆಯ ಆಪರೇಷನ್ ಆದವರಿಗೂ ಬಹುಪಾಲು ಹೊಂದುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ "ಮನುಷ್ಯ ಪೂರ್ತಿ ರಿಪೇರಿ ಆಗಲಿ, ಆಮೇಲೆ ಕೆಲಸ" ಎಂದು ಕಾಯುತ್ತಾರೆ. ಹಾಗೆ ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ. ಮನುಷ್ಯನಷ್ಟೇ ಗಮನವನ್ನು ಕೆಲಸದ ಮೇಲೂ ಇಡಬೇಕು. ಕೆಲಸವನ್ನು ತುಂಡು ತುಂಡಾಗಿ ಬಿಚ್ಚಿ, ಯಾವ ತುಂಡು ಈಗ ಆಗುತ್ತದೆ, ಯಾವುದು ಆಮೇಲೆ, ಯಾವುದು ಬೇರೆ ದಾರಿಯಲ್ಲಿ ಎಂದು ನೋಡಬೇಕು.

ಹಂತ 1: ಪೆಟ್ಟು ಎಷ್ಟು ದೊಡ್ಡದು, ಈಗ ಎಲ್ಲಿದ್ದೇವೆ?

ಆಸ್ಪತ್ರೆಯ ಕಾಗದದಲ್ಲಿ ಜಿಸಿಎಸ್ ಎಂಬ ಒಂದು ಅಂಕಿ ಇರುತ್ತದೆ. ಅದು ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ಸರ್ಜನ್‌ಗಳು ಮಾಡಿದ ಅಳತೆ. ಕಣ್ಣು ತೆರೆಯುವುದು, ಮಾತಾಡುವುದು, ಕೈಕಾಲು ಆಡಿಸುವುದು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 13ರಿಂದ 15 ಇದ್ದರೆ ಸೌಮ್ಯ, 9ರಿಂದ 12 ಮಧ್ಯಮ, 8ಕ್ಕಿಂತ ಮೇಲೆ ಹೋಗದಿದ್ದರೆ ತೀವ್ರ ಪೆಟ್ಟು.

ಈ ಅಂಕಿ ಆ ದಿನ ಜೀವ ಉಳಿಸುವವರಿಗೆ ಬೇಕಾದದ್ದು. ಮನುಷ್ಯ ಯಾವಾಗ ಕೆಲಸಕ್ಕೆ ಹೋಗಬಹುದು ಅನ್ನುವುದನ್ನು ಅದೊಂದೇ ಹೇಳುವುದಿಲ್ಲ. 15 ಅಂಕ ಇದ್ದವರು ತಿಂಗಳುಗಟ್ಟಲೆ ಒದ್ದಾಡುವುದುಂಟು. ಹಾಗಾಗಿ "ಸೌಮ್ಯ ಅಂತ ಬರೆದಿದ್ದಾರಲ್ಲ, ಮತ್ಯಾಕೆ ಇಷ್ಟು ನಾಟಕ?" ಎಂದು ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡಿ.

ಸೌಮ್ಯ ಪೆಟ್ಟಿಗೆ, ಅಂದರೆ ಕನ್‌ಕಷನ್ ಆದವರಿಗೆ, ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಹಳೇ ಪದ್ಧತಿಯನ್ನು ಈಗ ವೈದ್ಯರು ಹೇಳುವುದಿಲ್ಲ. ಒಂದೆರಡು ದಿನ ವಿಶ್ರಾಂತಿ, ಆಮೇಲೆ ತೊಂದರೆ ಜಾಸ್ತಿ ಆಗದ ಮಟ್ಟದಲ್ಲಿ ಸ್ವಲ್ಪ ಸ್ವಲ್ಪವಾಗಿ ಓಡಾಟ, ಓದು, ಕೆಲಸ. ಹೆಚ್ಚಿನವರು ಕೆಲವು ವಾರಗಳಲ್ಲಿ ಮೊದಲಿನಂತಾಗುತ್ತಾರೆ. ತಲೆನೋವು ಏರುತ್ತಲೇ ಹೋದರೆ, ಪದೇ ಪದೇ ವಾಂತಿ ಆದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಧ್ಯಮ, ತೀವ್ರ ಪೆಟ್ಟಿನ ಲೆಕ್ಕವೇ ಬೇರೆ. ಎಚ್ಚರ ಬಂದ ಮೇಲೂ ಕೆಲವು ದಿನ ಅಥವಾ ವಾರ ಹೊಸದೇನೂ ನೆನಪಿನಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಬಂದು ಹೋದವರನ್ನು ಮಧ್ಯಾಹ್ನ "ಯಾಕೆ ಬರಲೇ ಇಲ್ಲ?" ಎಂದು ಕೇಳುತ್ತಾರೆ. ಈ ಸ್ಥಿತಿ ಮುಗಿಯುವವರೆಗೆ ಕೆಲಸದ ಮಾತು ಎತ್ತಬೇಡಿ. ಅದು ಎಷ್ಟು ದಿನ ಇತ್ತು ಎಂಬುದನ್ನು ಮಾತ್ರ ಬರೆದಿಡಿ. ಮುಂದಿನ ಚೇತರಿಕೆ ಹೇಗಿರಬಹುದು ಎಂದು ಅಂದಾಜು ಮಾಡಲು ವೈದ್ಯರು ಅದನ್ನು ಕೇಳುತ್ತಾರೆ. ಮೊದಲ ಆರು ತಿಂಗಳಲ್ಲಿ ಚೇತರಿಕೆ ಬೇಗ, ಆಮೇಲೆ ನಿಧಾನ. ನಿಧಾನ ಅಂದರೆ ನಿಂತಿದೆ ಎಂದಲ್ಲ, ಎರಡು ವರ್ಷ ಕಳೆದ ಮೇಲೂ ಸುಧಾರಿಸುವವರಿದ್ದಾರೆ.

ಹಂತ 2: ಕಣ್ಣಿಗೆ ಕಾಣದ್ದನ್ನು ಹುಡುಕಿ

ಕೈ ಮುರಿದರೆ ಪಟ್ಟಿ ಕಾಣುತ್ತದೆ. ಇಲ್ಲಿ ಮುರಿದದ್ದು ಕಾಣುವುದಿಲ್ಲ. ಕೆಲಸ ಕೆಡಿಸುವುದು ಸಾಮಾನ್ಯವಾಗಿ ಈ ಕಾಣದ ಸಂಗತಿಗಳೇ.

ಎಲ್ಲಕ್ಕಿಂತ ಮೊದಲು ಸುಸ್ತು. ಮೆದುಳಿನ ತೂಕ ದೇಹದ ತೂಕದಲ್ಲಿ ಸುಮಾರು 2 ಶೇಕಡಾ. ಆದರೆ ಸುಮ್ಮನೆ ಕೂತಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು 20 ಶೇಕಡಾ ಅದಕ್ಕೇ ಬೇಕು. ಪೆಟ್ಟಾದ ಮೇಲೆ ಮೊದಲು ತಾನಾಗಿ ಆಗುತ್ತಿದ್ದ ಕೆಲಸಕ್ಕೂ ಪ್ರಯತ್ನ ಬೇಕಾಗುತ್ತದೆ. ಗದ್ದಲದಲ್ಲಿ ಒಬ್ಬರ ಮಾತನ್ನು ಹಿಡಿಯುವುದು, ಹೇಳಬೇಕಾದ ಪದ ಹುಡುಕುವುದು, ಕೋಪ ತಡೆಯುವುದು, ಎಲ್ಲಕ್ಕೂ. ಓಡಿ ಬಂದ ಸುಸ್ತು ಕೂತರೆ ಹೋಗುತ್ತದೆ, ಈ ಸುಸ್ತು ಹಾಗೆ ಹೋಗುವುದಿಲ್ಲ. ಬಂದರೆ ಇಡೀ ದಿನ, ಕೆಲವೊಮ್ಮೆ ಮರುದಿನವನ್ನೂ ತಿನ್ನುತ್ತದೆ. ಹೊರಗಿನವರಿಗೆ ಇದು ಸೋಮಾರಿತನದ ಥರ ಕಾಣುತ್ತದೆ. ಈ ತಪ್ಪು ತಿಳಿವಳಿಕೆಯಿಂದ ಹೋದ ಕೆಲಸಗಳಿಗೆ ಲೆಕ್ಕವಿಲ್ಲ.

ಆಮೇಲೆ ಗಮನ. ಒಂದು ಕೆಲಸ ಸರಿಯಾಗಿ ಆಗುತ್ತದೆ, ಎರಡು ಒಟ್ಟಿಗೆ ಬಂದರೆ ಎರಡೂ ಕೆಡುತ್ತವೆ. ಮರೆವಿನಲ್ಲೂ ಬಗೆಗಳಿವೆ. ಹತ್ತು ವರ್ಷದ ಹಿಂದಿನದು ಚೆನ್ನಾಗಿ ನೆನಪಿದ್ದು, ಇವತ್ತು ಬೆಳಿಗ್ಗೆ ಹೇಳಿದ್ದು ಹೋಗಿರುತ್ತದೆ. "ನಾಲ್ಕು ಗಂಟೆಗೆ ಫೋನ್ ಮಾಡಬೇಕು" ಎಂಬಂಥ ಮುಂದೆ ಮಾಡಬೇಕಾದ ಕೆಲಸವನ್ನು ನೆನಪಿಡುವುದು ಇನ್ನೂ ಕಷ್ಟ.

ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದವರ ಕಥೆ ಇನ್ನೂ ಸೂಕ್ಷ್ಮ. ಬುದ್ಧಿ ಇದೆ, ಜ್ಞಾನ ಇದೆ, ಕೇಳಿದರೆ ಸರಿಯಾದ ಉತ್ತರವೂ ಬರುತ್ತದೆ. ಆದರೆ ತಾವಾಗಿ ಶುರು ಮಾಡುವುದಿಲ್ಲ, ಶುರು ಮಾಡಿದ್ದನ್ನು ನಿಲ್ಲಿಸುವುದಿಲ್ಲ, ಯಾವುದು ಮೊದಲು ಯಾವುದು ಆಮೇಲೆ ಎಂದು ಜೋಡಿಸಲು ಆಗುವುದಿಲ್ಲ. ಮನಸ್ಸಿಗೆ ಬಂದದ್ದು ಬಾಯಿಗೂ ಬಂದುಬಿಡುತ್ತದೆ.

ಇದಕ್ಕೆ ಹೆಸರಾದ ಉದಾಹರಣೆ ಫಿನಿಯಸ್ ಗೇಜ್. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುತ್ತಿದ್ದಾಗ ಸುಮಾರು 6 ಕಿಲೋ ತೂಕದ ಕಬ್ಬಿಣದ ಸಲಾಕೆ ಅವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಅವನು ಬದುಕಿದ. 25 ವರ್ಷದ ಒಳ್ಳೇ ಮೇಸ್ತ್ರಿ ಅನಿಸಿಕೊಂಡಿದ್ದವನು ಆಮೇಲೆ ಒರಟನಾದ, ಹಿಡಿದದ್ದನ್ನು ಬಿಡುವವನಾದ, ಹಳೇ ಮಾಲೀಕರು ಮೇಸ್ತ್ರಿ ಕೆಲಸ ವಾಪಸ್ ಕೊಡಲಿಲ್ಲ. ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ನಮಗೆ ಬೇಕಾದ ಭಾಗ ಇದರ ನಂತರದ್ದು. ಅದನ್ನು ಕೊನೆಯ ಕಡೆ ಹೇಳುತ್ತೇನೆ.

ಇನ್ನುಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಟ್ಯೂಬ್‌ಲೈಟ್ ಬೆಳಕು, ಶಬ್ದ ತಡೆಯಲಾಗದಿರುವುದು. ನೋಟದ ಒಂದು ಪಕ್ಕ ಕಾಣದಿರುವುದು, ಅಥವಾ ಕಣ್ಣು ಸರಿಯಿದ್ದರೂ ಎಡಗಡೆಗೆ ಗಮನವೇ ಹೋಗದಿರುವುದು. ಪದ ಸಿಗದಿರುವುದು. ವಾಸನೆ ತಿಳಿಯದಿರುವುದು, ಅಡುಗೆ ಅಥವಾ ಗ್ಯಾಸ್ ಹತ್ತಿರ ಕೆಲಸ ಮಾಡುವವರಿಗೆ ಇದು ಅಪಾಯ. ತಲೆಸುತ್ತು, ನಿದ್ದೆ ಕೆಡುವುದು, ಖಿನ್ನತೆ. ಖಿನ್ನತೆಗೆ ಚಿಕಿತ್ಸೆ ಇದೆ. "ಇಷ್ಟು ದೊಡ್ಡ ಪೆಟ್ಟಾದ ಮೇಲೆ ಬೇಜಾರು ಇದ್ದೇ ಇರುತ್ತೆ ಬಿಡಿ" ಎಂದು ಅದನ್ನು ತಳ್ಳಿಹಾಕಬೇಡಿ.

ನ್ಯೂರೋಸೈಕಾಲಜಿಸ್ಟ್, ಅಂದರೆ ನೆನಪು, ಗಮನ, ಯೋಚನೆ ಎಷ್ಟು ಕೆಟ್ಟಿದೆ ಎಂದು ಅಳೆಯುವ ಮನೋವಿಜ್ಞಾನಿ, ಸಿಕ್ಕರೆ ಒಂದು ಪೂರ್ತಿ ಪರೀಕ್ಷೆ ಮಾಡಿಸಿ. ಆದರೆ ನೆನಪಿಡಿ, ಆ ಪರೀಕ್ಷೆ ನಡೆಯುವುದು ಸದ್ದಿಲ್ಲದ ಕೋಣೆಯಲ್ಲಿ. ಎದುರು ಒಬ್ಬರೇ ಇರುತ್ತಾರೆ, ಒಂದು ಸಲಕ್ಕೆ ಒಂದೇ ಪ್ರಶ್ನೆ. ಕೆಲಸದ ಜಾಗ ಹಾಗಿರುವುದಿಲ್ಲ, ಅಲ್ವಾ? ಆದ್ದರಿಂದ ಮುಂದಿನ ಹಂತ ಬೇಕು.

ಹಂತ 3: ಎರಡು ವಾರದ ಡೈರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎದ್ದ ಹೊತ್ತು, ಮಲಗಿದ ಹೊತ್ತು, ಏನು ಮಾಡಿದರು, ಎಷ್ಟು ಹೊತ್ತು ಮಾಡಿದರು, ಆಮೇಲೆ ಸುಸ್ತು 10ಕ್ಕೆ ಎಷ್ಟು. ಇಷ್ಟೇ. ಸಾಧ್ಯವಾದರೆ ಅವರೇ ಬರೆಯಲಿ, ನೀವು ನಿಮ್ಮದನ್ನು ಬೇರೆ ಕಡೆ ಬರೆಯಿರಿ. ಎರಡು ವಾರದ ನಂತರ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಅವರು "ಸುಸ್ತು 3" ಎಂದು ಬರೆದ ಸಂಜೆಗೆ ನೀವು "ಮಕ್ಕಳ ಮೇಲೆ ಕೂಗಾಡಿದರು" ಎಂದು ಬರೆದಿದ್ದರೆ ಅಲ್ಲೊಂದು ಸುಳಿವಿದೆ.

ಈ ಡೈರಿಯಿಂದ ಮೂರು ವಿಷಯ ಗೊತ್ತಾಗಬೇಕು. ದಿನದ ಯಾವ ಹೊತ್ತು ತಲೆ ಚೆನ್ನಾಗಿ ಓಡುತ್ತದೆ? ತಲೆಗೆ ಕೆಲಸ ಕೊಟ್ಟಾಗ ಎಷ್ಟು ನಿಮಿಷ ಸರಿಯಾಗಿ ನಡೆಯುತ್ತದೆ? ಕೆಡುವ ಮುನ್ನ ಯಾವ ಲಕ್ಷಣ ಕಾಣುತ್ತದೆ? ಕೆಲವರಿಗೆ ಕಣ್ಣು ಭಾರ ಆಗುತ್ತದೆ, ಕೆಲವರಿಗೆ ಮಾತು ತೊದಲುತ್ತದೆ, ಕೆಲವರು ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಾರೆ. ಆ ಲಕ್ಷಣವೇ ನಿಮ್ಮ ಗಂಟೆ. ಅದು ಬಾರಿಸುವ ಮೊದಲೇ ವಿಶ್ರಾಂತಿ ಬೇಕು. 40 ನಿಮಿಷಕ್ಕೆ ಸುಸ್ತಾಗುವವರು 30 ನಿಮಿಷಕ್ಕೇ ನಿಲ್ಲಿಸಬೇಕು, "ಇನ್ನೂ ಆಗುತ್ತೆ" ಎನ್ನಿಸಿದಾಗಲೇ. ವಿಶ್ರಾಂತಿ ಅಂದರೆ ಮೊಬೈಲ್ ನೋಡುವುದಲ್ಲ. ಕಣ್ಣು ಮುಚ್ಚಿ ಕೂರುವುದು, ಅಥವಾ ಸುಮ್ನೆ ಹೊರಗೆ ನಾಲ್ಕು ಹೆಜ್ಜೆ ನಡೆಯುವುದು.

ಜೊತೆಗೆ ಮನೆಯಲ್ಲೇ ಕೆಲಸದಂಥ ಕೆಲಸ ಕೊಡಿ. ಒಂದು ತಿಂಗಳ ಬಿಲ್ಲುಗಳನ್ನು ಜೋಡಿಸುವುದು, ಮೂರು ಫೋನ್ ಮಾಡಿ ವಿಷಯ ತಿಳಿದು ಬರೆದಿಡುವುದು, ಪಟ್ಟಿ ಹಿಡಿದು ಅಂಗಡಿಗೆ ಹೋಗಿ ಬರುವುದು. ಮಧ್ಯದಲ್ಲಿ ಬೇಕೆಂದೇ ಒಮ್ಮೆ ಅಡ್ಡಿ ಮಾಡಿ. ಬಿಟ್ಟ ಜಾಗಕ್ಕೆ ವಾಪಸ್ ಬರುತ್ತಾರಾ, ಇಲ್ಲವಾ? ಕೆಲಸದ ಜಾಗದಲ್ಲಿ ಆಗುವುದನ್ನು ಇದು ನೂರು ಪ್ರಶ್ನೆಗಿಂತ ಚೆನ್ನಾಗಿ ತೋರಿಸುತ್ತದೆ. ಇದೇನೂ ಹೊಸ ಬುದ್ಧಿಯಲ್ಲ. ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡು, ಚೂರು ತಗುಲಿದ ಸೈನಿಕರಿಗಾಗಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಕರ್ಟ್ ಗೋಲ್ಡ್‌ಸ್ಟೈನ್, ಕಲೋನ್‌ನಲ್ಲಿ ವಾಲ್ಟರ್ ಪಾಪಲ್‌ರಾಯಿಟರ್ ಎಂಬ ವೈದ್ಯರು ಕೆಲಸದ ಮೂಲಕವೇ ಪರೀಕ್ಷೆ, ತರಬೇತಿ ಎರಡನ್ನೂ ಮಾಡುತ್ತಿದ್ದರು.

ಗೋಲ್ಡ್‌ಸ್ಟೈನ್ ಗಮನಿಸಿದ ಇನ್ನೊಂದು ಸಂಗತಿಯನ್ನು ಮನೆಯವರು ತಿಳಿದಿರಬೇಕು. ತನ್ನಿಂದ ಆಗದ ಕೆಲಸದ ಮುಂದೆ ನಿಂತಾಗ ಈ ಸೈನಿಕರು ಇದ್ದಕ್ಕಿದ್ದಂತೆ ಕುಸಿಯುತ್ತಿದ್ದರು. ಗಾಬರಿ, ಅಳು, ಸಿಟ್ಟು, ಎದ್ದು ಹೋಗುವುದು. ಅದು ಹಟವಲ್ಲ. ಮೆದುಳು ಹೊರಲಾರದ ಭಾರ ಬಿದ್ದಿದೆ ಎಂಬ ಸೂಚನೆ. ಅಂಥ ಹೊತ್ತಲ್ಲಿ ಬುದ್ಧಿ ಹೇಳಲು ಹೋಗಬೇಡಿ. ಕೆಲಸ ನಿಲ್ಲಿಸಿ, ದನಿ ತಗ್ಗಿಸಿ, ಜಾಗ ಬದಲಿಸಿ. ಮಾತು ಮರುದಿನಕ್ಕಿರಲಿ.

ಹಂತ 4: ಕೆಲಸವನ್ನು ಬಿಚ್ಚಿ ನೋಡಿ

ಎಲ್ಲರೂ ಹಾರಿಸುವ ಹಂತ ಇದು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ಹುದ್ದೆಯ ಹೆಸರನ್ನು ಮರೆತುಬಿಡಿ. "ಸ್ಟೋರ್ ಕೀಪರ್" ಎಂದರೆ ಏನೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಬೀಗ ತೆಗೆಯುವುದರಿಂದ ಸಂಜೆ ಬೀಗ ಹಾಕುವವರೆಗೆ ಏನೇನು ಮಾಡುತ್ತಾರೆ ಎಂದು ಒಂದೊಂದಾಗಿ ಬರೆಯಿರಿ. ಬಂದ ಸಾಮಾನನ್ನು ಚಲನ್ ಜೊತೆ ಹೋಲಿಸುವುದು. ಎಣಿಸುವುದು. ಕಂಪ್ಯೂಟರ್‌ಗೆ ಹಾಕುವುದು. ಬಂದು ಕೇಳಿದವರಿಗೆ ಕೊಡುವುದು. ಲಾರಿ ಡ್ರೈವರ್ ಜೊತೆ ವಾದ ಮಾಡುವುದು. ಮುಗಿಯುತ್ತಿರುವ ಸಾಮಾನಿಗೆ ಮೊದಲೇ ಆರ್ಡರ್ ಹಾಕುವುದು. ತಿಂಗಳ ಕೊನೆಗೆ ಲೆಕ್ಕ ಕೂಡಿಸುವುದು.

ಈಗ ಒಂದೊಂದರ ಪಕ್ಕ ಬರೆಯಿರಿ: ಇದಕ್ಕೆ ನೆನಪು ಎಷ್ಟು ಬೇಕು, ಗಮನ ಎಷ್ಟು, ಬೇಗ ತೀರ್ಮಾನ ಮಾಡಬೇಕಾ, ಜನರ ಜೊತೆ ಮಾತು ಎಷ್ಟು, ತಪ್ಪಾದರೆ ಏನಾಗುತ್ತದೆ? ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಎಣಿಕೆ ತಪ್ಪಿದರೆ ಮತ್ತೆ ಎಣಿಸಬಹುದು. ಆರ್ಡರ್ ಮರೆತರೆ ಇಡೀ ಕಾರ್ಖಾನೆ ನಿಲ್ಲಬಹುದು.

ಬರೆದು ನೋಡಿದಾಗ ಒಂದು ಚಿತ್ರ ಮೂಡುತ್ತದೆ. ಎಣಿಸುವುದು, ಹೋಲಿಸುವುದು, ಕಂಪ್ಯೂಟರ್‌ಗೆ ಹಾಕುವುದು ಪ್ರತಿದಿನ ಒಂದೇ ಥರ ಇರುವ ಕೆಲಸ, ಪಟ್ಟಿ ಹಿಡಿದು ಮಾಡಬಹುದು. ಇದರಿಂದ ಶುರು. ಕೌಂಟರ್‌ನಲ್ಲಿ ನಾಲ್ಕು ಜನ ಒಟ್ಟಿಗೆ ಬಂದು ಕೇಳುವುದು ಸದ್ಯಕ್ಕೆ ಬೇಡ. ಆರ್ಡರ್ ಹಾಕುವುದನ್ನು ಅವರೇ ಮಾಡಲಿ, ಆದರೆ ಕಳಿಸುವ ಮುನ್ನ ಇನ್ನೊಬ್ಬರು ನೋಡಲಿ. ಇಷ್ಟು ಹಿಡಿದುಕೊಂಡು ಹೋದರೆ ಮಾಲೀಕರ ಮುಂದೆ "ಲೈಟ್ ಕೆಲಸ ಕೊಡಿ" ಎಂದು ಗಾಳಿಯಲ್ಲಿ ಕೇಳುವ ಪ್ರಮೇಯ ಬರುವುದಿಲ್ಲ.

ನೋಡಿ, ಲೈಟ್ ಕೆಲಸ ಎಂದು ರಿಸೆಪ್ಷನ್‌ನಲ್ಲಿ ಕೂರಿಸುವುದುಂಟು. ಫೋನ್, ಜನ, ಬೆಲ್, ಪ್ರಶ್ನೆ. ಮೈಗೆ ಹಗುರ, ಮೆದುಳಿಗೆ ನರಕ.

ಹಂತ 5: ಕೆಲಸ ಕೊಡುವವರ ಜೊತೆ ಮಾತು

ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬುದನ್ನು ನಿರ್ಧರಿಸುವವರು ಪೆಟ್ಟಾದವರೇ. ಅವರ ಒಪ್ಪಿಗೆ ಇಲ್ಲದೆ ನೀವು ಹಿಂದಿನಿಂದ ಫೋನ್ ಮಾಡಿ "ಸ್ವಲ್ಪ ನೋಡ್ಕೊಳ್ಳಿ" ಎಂದರೆ ನಂಬಿಕೆ ಹೋಗುತ್ತದೆ. ವೈದ್ಯಕೀಯ ಕಾಗದವೆಲ್ಲ ಕೊಡಬೇಕಾಗಿಯೂ ಇಲ್ಲ. ರೋಗದ ಹೆಸರಿಗಿಂತ ಕೆಲಸದ ಭಾಷೆಯಲ್ಲಿ ಹೇಳಿದರೆ ಅವರಿಗೆ ಅರ್ಥವಾಗುತ್ತದೆ. "ಫ್ರಂಟಲ್ ಲೋಬ್ ಡ್ಯಾಮೇಜ್" ಎಂದರೆ ಹೆದರುತ್ತಾರೆ. ಬದಲಿಗೆ ಹೀಗೆ ಹೇಳಬಹುದು:

"ಸರ್, ನನ್ನ ಕೆಲಸ ನನಗೆ ಗೊತ್ತಿದೆ. ಆದರೆ ಬಾಯಲ್ಲಿ ಹೇಳಿದ್ದು ಜಾಸ್ತಿ ಹೊತ್ತು ನೆನಪಿರಲ್ಲ, ಬರೆದು ಕೊಟ್ರೆ ತಪ್ಪಲ್ಲ. ಗಲಾಟೆಯಲ್ಲಿ ಬೇಗ ಸುಸ್ತಾಗುತ್ತೆ, ಅದಕ್ಕೆ ಮೂಲೆಯ ಮೇಜು ಸಿಕ್ರೆ ಸಾಕು. ಮೊದಲ ತಿಂಗಳು ಬೆಳಿಗ್ಗೆ ಹೊತ್ತು ಮಾತ್ರ ಬರ್ತೀನಿ. ಎರಡು ವಾರಕ್ಕೊಮ್ಮೆ ಕೂತು ಮಾತಾಡೋಣ."

ನಾಲ್ಕೇ ಮಾತು. ಏನು ಆಗುತ್ತದೆ, ಏನು ಆಗುವುದಿಲ್ಲ, ಏನು ಬೇಕು, ಯಾವಾಗ ಮತ್ತೆ ನೋಡೋಣ. ಇದನ್ನೇ ಒಂದು ಪುಟದಲ್ಲಿ ಬರೆದು ಕೊಡಿ. ಈ ಪುಟ ಮುಂದೆಯೂ ಕೆಲಸಕ್ಕೆ ಬರುತ್ತದೆ.

ಇದು ಕೈಯೊಡ್ಡಿ ಕೇಳುವ ದಯೆ ಅಲ್ಲ ಎಂಬುದೂ ಗೊತ್ತಿರಲಿ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 27ನೇ ವಿಧಿ ಕೆಲಸದ ಹಕ್ಕಿನ ಬಗ್ಗೆ ಇದೆ. ಕೆಲಸದ ಜಾಗದಲ್ಲಿ ಅತಿಯಾದ ಹೊರೆಯಾಗದ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಎಂದು ಅದು ಹೇಳುತ್ತದೆ. ಒಪ್ಪಿಕೊಂಡ ಹಲವು ದೇಶಗಳು ಇದಕ್ಕೆ ತಕ್ಕಂತೆ ತಮ್ಮ ಕಾನೂನು ಮಾಡಿಕೊಂಡಿವೆ. ಆದರೂ ಮೊದಲ ಭೇಟಿಯಲ್ಲೇ ಕಾನೂನಿನ ಮಾತು ತೆಗೆಯದಿದ್ದರೆ ಒಳ್ಳೆಯದು. ಅದು ಜೇಬಿನಲ್ಲಿರಲಿ.

ಹಂತ 6: ಮೆಟ್ಟಿಲು ಮೆಟ್ಟಿಲಾಗಿ

ನೇರವಾಗಿ ಸಂಬಳದ ಕೆಲಸಕ್ಕೆ ಹೋಗುವ ಮೊದಲು ಒಂದು ಪ್ರಯೋಗದ ಅವಧಿ ಇದ್ದರೆ ಚೆನ್ನ. ಹಳೇ ಕಚೇರಿಯಲ್ಲೇ ಆಗಲಿ, ಗೆಳೆಯರ ಅಂಗಡಿಯಲ್ಲೇ ಆಗಲಿ, ಸ್ವಯಂಸೇವೆಯ ಕೆಲಸವೇ ಆಗಲಿ. ತಪ್ಪಿದರೆ ದೊಡ್ಡ ನಷ್ಟ ಆಗದ ಜಾಗ.

ಆಮೇಲೆ ಗಂಟೆಗಳನ್ನು ಏರಿಸುವುದು. ಒಂದು ಮಾದರಿ ಕೊಡುತ್ತೇನೆ, ಎಲ್ಲರಿಗೂ ಇದೇ ಅಂತಲ್ಲ. ಮೊದಲ ಎರಡು ವಾರ: ಸೋಮವಾರ, ಬುಧವಾರ, ಶುಕ್ರವಾರ, ದಿನಕ್ಕೆ ಎರಡು ಗಂಟೆ. ಮುಂದಿನ ಎರಡು ವಾರ ಅದೇ ದಿನಗಳು, ಮೂರು ಗಂಟೆ. ಆಮೇಲೆ ನಾಲ್ಕು ಗಂಟೆ. ಅದು ಸಲೀಸಾದ ಮೇಲೆ ಮಂಗಳವಾರ ಸೇರಿಸಿ. ಮಧ್ಯದ ಖಾಲಿ ದಿನಗಳು ಮುಖ್ಯ. ಸುಸ್ತು ಮರುದಿನ ಬರುತ್ತದೆ ಎಂದೆನಲ್ಲ, ಅದಕ್ಕೆ.

ಏರಿಸುವಾಗ ಒಂದೇ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಗಂಟೆ ಜಾಸ್ತಿ ಮಾಡಿದ ವಾರ ಹೊಸ ಕೆಲಸ ಕೊಡಬೇಡಿ. ಹೊಸ ಕೆಲಸ ಕೊಟ್ಟ ವಾರ ಗಂಟೆ ಹಾಗೇ ಇರಲಿ. ಎರಡನ್ನೂ ಒಟ್ಟಿಗೆ ಏರಿಸಿ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ. ಕೆಟ್ಟರೆ ಒಂದು ಮೆಟ್ಟಿಲು ಕೆಳಗಿಳಿಯಿರಿ, ಪೂರ್ತಿ ಮನೆಗೆ ಬರಬೇಡಿ. ಪೂರ್ತಿ ನಿಲ್ಲಿಸಿದರೆ "ನನ್ನಿಂದ ಆಗಲ್ಲ" ಎಂಬುದು ಅವರ ಮನಸ್ಸಿನಲ್ಲೂ ಮಾಲೀಕರ ಮನಸ್ಸಿನಲ್ಲೂ ಗಟ್ಟಿಯಾಗಿ ಕೂತುಬಿಡುತ್ತದೆ.

ಲೆಕ್ಕಕ್ಕೆ ಪ್ರಯಾಣವನ್ನೂ ಸೇರಿಸಿ. ತುಂಬಿದ ಬಸ್ಸಿನಲ್ಲಿ ಒಂದು ಗಂಟೆ ನಿಂತು ಬಂದವರು ಕೆಲಸ ಶುರು ಮಾಡುವ ಮೊದಲೇ ಆ ದಿನದ ಅರ್ಧ ಶಕ್ತಿ ಕಳೆದುಕೊಂಡಿರಬಹುದು. ಹೊರಡುವ ಹೊತ್ತನ್ನು ಒಂದು ಗಂಟೆ ಮುಂದೆ ಹಾಕಿದರೆ ಎಷ್ಟೋ ಸಮಸ್ಯೆ ಬಗೆಹರಿಯುತ್ತದೆ.

ಹಂತ 7: ಕೆಲಸದ ಜಾಗದಲ್ಲಿ ಊರುಗೋಲುಗಳು

ಬ್ರಿಟನ್ನಿನ ಮನೋವಿಜ್ಞಾನಿ ಆಲಿವರ್ ಜಾಂಗ್‌ವಿಲ್ 1947ರಲ್ಲೇ ಮೆದುಳಿಗೆ ಪೆಟ್ಟಾದವರ ಪುನರ್ವಸತಿಗೆ ಮೂರು ದಾರಿ ಗುರುತಿಸಿದ್ದರು. ಕೆಟ್ಟದ್ದಕ್ಕೆ ಬೇರೆ ಉಪಾಯದಿಂದ ಸರಿದೂಗಿಸುವುದು, ಅದೇ ಕೆಲಸಕ್ಕೆ ಬೇರೆ ಸಾಮರ್ಥ್ಯ ಬಳಸುವುದು, ಕೆಟ್ಟದ್ದನ್ನೇ ಮತ್ತೆ ತರಬೇತಿ ಮಾಡುವುದು. ಕೆಲಸಕ್ಕೆ ಹೋಗುವವರಿಗೆ ಹೆಚ್ಚು ಆಸರೆಯಾಗುವುದು ಮೊದಲಿನ ಎರಡು. ಮೊಬೈಲ್‌ನಲ್ಲಿ ನೆನಪಿನ ಆಟ ಆಡಿದರೆ ಆ ಆಟದಲ್ಲಿ ಜಾಣರಾಗುತ್ತಾರೆ, ಆಫೀಸಿನ ಕೆಲಸ ನೆನಪಿರುತ್ತದೆ ಎಂಬ ಭರವಸೆ ಇಲ್ಲ. ಅಷ್ಟು ಹೊತ್ತನ್ನು ಒಂದು ನೋಟ್‌ಬುಕ್ ಬಳಸುವ ಅಭ್ಯಾಸಕ್ಕೆ ಕೊಡಿ.

ನೋಟ್‌ಬುಕ್ ಒಂದೇ ಇರಲಿ. ಚೀಟಿ, ಕ್ಯಾಲೆಂಡರ್, ಮೂರು ಆ್ಯಪ್, ಅಂಗೈ ಮೇಲೆ ಬರಹ, ಹೀಗೆ ಹರಡಿದರೆ ಎಲ್ಲಿ ಬರೆದೆ ಎಂಬುದೇ ಮರೆಯುತ್ತದೆ. ಬೆಳಿಗ್ಗೆ ಬಂದ ಕೂಡಲೇ, ಊಟಕ್ಕೆ ಮುಂಚೆ, ಹೊರಡುವ ಮುಂಚೆ, ಮೂರು ಸಲ ತೆರೆದು ನೋಡುವುದು. ಅದನ್ನು ನೆನಪಿಸಲು ಮೊಬೈಲ್ ಅಲಾರಂ. ಈ ಅಭ್ಯಾಸ ಕೆಲಸಕ್ಕೆ ಹೋಗುವ ಮೊದಲೇ ಮನೆಯಲ್ಲಿ ಕೂರಬೇಕು.

ಹೊಸದನ್ನು ಕಲಿಸುವಾಗ "ಊಹೆ ಮಾಡಿ ನೋಡೋಣ" ಎನ್ನಬೇಡಿ. ನಮಗೆಲ್ಲ ತಪ್ಪಿನಿಂದ ಕಲಿಯುವುದು ಅಭ್ಯಾಸ. ಏಕೆಂದರೆ ತಪ್ಪು ಮಾಡಿದ್ದು ನಮಗೆ ನೆನಪಿರುತ್ತದೆ. ಮರೆವು ತೀವ್ರವಾಗಿರುವವರಿಗೆ ತಪ್ಪು ಮಾಡಿದ್ದು ಮರೆತುಹೋಗಿ, ಕೈಗೆ ಮಾತ್ರ ಆ ತಪ್ಪೇ ರೂಢಿಯಾಗುತ್ತದೆ. ಅಂಥವರು ತಪ್ಪಿಗೆ ಅವಕಾಶವೇ ಇಲ್ಲದಂತೆ ಕಲಿಸಿದಾಗ ಚೆನ್ನಾಗಿ ಕಲಿಯುತ್ತಾರೆ ಎಂದು ಬ್ಯಾಡ್ಲಿ ಮತ್ತು ವಿಲ್ಸನ್ ಎಂಬ ಸಂಶೋಧಕರು 1994ರಲ್ಲಿ ತೋರಿಸಿದರು. ಅಂದರೆ ಮೊದಲು ಮಾಡಿ ತೋರಿಸಿ, ಆಮೇಲೆ ಜೊತೆಯಲ್ಲಿ ಮಾಡಿಸಿ, ಹಂತಗಳನ್ನು ಬರೆದು ಯಂತ್ರದ ಪಕ್ಕ ಅಂಟಿಸಿ, ನಿಮ್ಮ ಸಹಾಯವನ್ನು ನಿಧಾನವಾಗಿ ಕಡಿಮೆ ಮಾಡಿ.

ಉಳಿದದ್ದು ಸಣ್ಣಪುಟ್ಟ ಏರ್ಪಾಟು. ಓಡಾಟದ ದಾರಿಗೆ ಬೆನ್ನು ಮಾಡಿದ ಮೇಜು. ಶಬ್ದ ತಗ್ಗಿಸುವ ಇಯರ್‌ಫೋನ್. ಎಡಗಡೆ ಗಮನ ಹೋಗದವರಿಗೆ ಪುಟದ ಎಡ ಅಂಚಿಗೆ ಕೆಂಪು ಗೆರೆ, ಆ ಗೆರೆ ಕಾಣುವವರೆಗೆ ಕಣ್ಣು ಹೊರಳಿಸಬೇಕು. ಮೀಟಿಂಗ್ ಆದ ಮೇಲೆ ಎರಡು ಸಾಲಿನ ಇಮೇಲ್. "ಬಿಡುವಾದಾಗ ಮಾಡಿ" ಎಂದು ಹೇಳುವ ಬದಲು "ಗುರುವಾರ ಮಧ್ಯಾಹ್ನ ಮೂರಕ್ಕೆ ಕೊಡಿ" ಎನ್ನುವುದು. ಇವಕ್ಕೆ ಹೆಚ್ಚು ದುಡ್ಡು ಬೇಕಿಲ್ಲ, ಯಾರಾದರೂ ಒಬ್ಬರು ಯೋಚಿಸಬೇಕು ಅಷ್ಟೇ.

ಸುರಕ್ಷತೆಯಲ್ಲಿ ಮಾತ್ರ ರಾಜಿ ಬೇಡ. ಪೆಟ್ಟಾದ ತಿಂಗಳುಗಳ ನಂತರವೂ ಮೊದಲ ಸಲ ಫಿಟ್ಸ್ ಬರಬಹುದು. ಏಣಿ, ಎತ್ತರ, ತಿರುಗುವ ಯಂತ್ರ, ಬಿಸಿ ಎಣ್ಣೆ, ನೀರು, ವಾಹನ, ಇವುಗಳಿಗೆ ವೈದ್ಯರ ಲಿಖಿತ ಒಪ್ಪಿಗೆ ಬೇಕು. ಡ್ರೈವಿಂಗ್‌ಗೆ ನೀವಿರುವ ಕಡೆಯ ಕಾನೂನು ಏನು ಹೇಳುತ್ತದೆ ಎಂದೂ ವಿಚಾರಿಸಿ. ಮದ್ಯ ಫಿಟ್ಸ್ ಬರುವ ಸಾಧ್ಯತೆ ಹೆಚ್ಚಿಸುತ್ತದೆ, ಮೊದಲಿನಷ್ಟೇ ಕುಡಿದರೂ ಈಗ ಜಾಸ್ತಿ ಏರುತ್ತದೆ. ಫಿಟ್ಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಹಂತ 8: "ನನಗೇನೂ ಆಗಿಲ್ಲ" ಎನ್ನುವವರ ಜೊತೆ

ಎಲ್ಲಕ್ಕಿಂತ ಕಷ್ಟದ ಹಂತ. ಮನೆಯವರು ಇದನ್ನು ಅಹಂಕಾರ ಎಂದುಕೊಳ್ಳುತ್ತಾರೆ. ಆದರೆ ತನ್ನ ಕೊರತೆಯನ್ನು ಗಮನಿಸುವ ಕೆಲಸವನ್ನೂ ಮೆದುಳೇ ಮಾಡಬೇಕು, ಆ ಭಾಗಕ್ಕೇ ಪೆಟ್ಟಾಗಿದ್ದರೆ ಕೊರತೆ ಕಾಣುವುದೇ ಇಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕಾಣುತ್ತಿರುವುದೇ ಅಷ್ಟು.

ವಾದ ಮಾಡಿ ಗೆಲ್ಲಲು ಆಗುವುದಿಲ್ಲ, ತಪ್ಪುಗಳ ಪಟ್ಟಿ ಓದಿದರೆ ಜಗಳವೇ ಸಿಗುತ್ತದೆ. ಬದಲಿಗೆ ಕೆಲಸಕ್ಕೆ ಮುಂಚೆ ಕೇಳಿ: "ಈ ಹತ್ತು ಬಿಲ್ಲು ಹಾಕೋಕೆ ಎಷ್ಟು ಹೊತ್ತು ಬೇಕು? ಎಷ್ಟು ತಪ್ಪಾಗಬಹುದು?" ಅವರ ಉತ್ತರ ಅವರ ಕೈಯಲ್ಲೇ ಬರೆಸಿ. ಮುಗಿದ ಮೇಲೆ ಅವರೇ ಹೋಲಿಸಿ ನೋಡಲಿ. ನೀವು ಬಾಯಿ ಬಿಡಬೇಡಿ. 20 ನಿಮಿಷ ಎಂದು ಬರೆದದ್ದು 50 ಆದಾಗ ಆ ಕಾಗದವೇ ಮಾತಾಡುತ್ತದೆ. ಒಂದು ಸಲಕ್ಕೆ ಆಗದು, ಹತ್ತು ಸಲ ಬೇಕಾದೀತು. ಕೆಲವರು ಮನೆಯವರ ಮಾತು ಕೇಳುವುದಿಲ್ಲ, ಅದೇ ಪೆಟ್ಟು ತಿಂದು ಕೆಲಸಕ್ಕೆ ಮರಳಿದ ಇನ್ನೊಬ್ಬರ ಮಾತು ಕೇಳುತ್ತಾರೆ. ಅಂಥ ಗುಂಪು ಸಿಕ್ಕರೆ ಬಿಡಬೇಡಿ.

ಅರಿವು ಬಂದಾಗ ದುಃಖವೂ ಬರುತ್ತದೆ, ಇದನ್ನು ಮೊದಲೇ ತಿಳಿದಿರಿ. "ಈಗ ಒಪ್ಪಿಕೊಂಡರಲ್ಲ, ಸದ್ಯ" ಎಂದು ನೀವು ನಿಟ್ಟುಸಿರು ಬಿಡುವ ಹೊತ್ತಿಗೆ ಅವರು ಒಳಗೆ ಕುಸಿಯುತ್ತಿರಬಹುದು. ಸಾಯುವ ಮಾತಾಡಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳದೆ ಕೂಡಲೇ ವೈದ್ಯರಿಗೆ ತಿಳಿಸಿ.

ಹಂತ 9: ಜೊತೆಗೊಬ್ಬರು ಇದ್ದರೆ

ತೀವ್ರ ಪೆಟ್ಟಾದವರಿಗೆ ಮೊದಲು ತರಬೇತಿ ಕೇಂದ್ರ, ಆಮೇಲೆ ಕೆಲಸ ಎಂಬುದು ಹಳೇ ಕ್ರಮ. ಕೇಂದ್ರದಲ್ಲಿ ಕಲಿತದ್ದು ಕೆಲಸದ ಜಾಗಕ್ಕೆ ಬರುವುದೇ ಇಲ್ಲ ಎಂಬುದು ಅದರ ತೊಡಕು. 1980ರ ದಶಕದಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಪಾಲ್ ವೇಮನ್ ಮತ್ತು ಅವರ ಜೊತೆಗಾರರು ಇದನ್ನು ತಿರುಗಿಸಿದರು. ಮೊದಲು ನಿಜವಾದ ಕೆಲಸಕ್ಕೆ ಸೇರಿಸುವುದು, ಅಲ್ಲೇ ಪಕ್ಕದಲ್ಲಿ ನಿಂತು ಕಲಿಸುವುದು. ಹಾಗೆ ನಿಲ್ಲುವವರಿಗೆ ಜಾಬ್ ಕೋಚ್ ಎನ್ನುತ್ತಾರೆ. ಮೊದಲ ವಾರ ದಿನವಿಡೀ ಜೊತೆಗಿದ್ದು, ಬರಬರುತ್ತಾ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಬರುತ್ತಾರೆ.

ಜಾಬ್ ಕೋಚ್ ಸಿಗದಿದ್ದರೆ ಕೆಲಸದ ಜಾಗದಲ್ಲೇ ಒಬ್ಬ ಸಹೋದ್ಯೋಗಿಯನ್ನು ಹುಡುಕಿ. ತಾಳ್ಮೆ ಇರುವವರು, ಒಂದೇ ಪ್ರಶ್ನೆ ಮೂರನೇ ಸಲ ಬಂದಾಗಲೂ ಮುಖ ಸಿಂಡರಿಸದವರು. ಅವರಿಗೂ ಆ ಕೆಲಸಕ್ಕೆ ಅಧಿಕೃತವಾಗಿ ಹೊತ್ತು ಕೊಡಿಸಿ. ಸ್ನೇಹದ ಮೇಲೆ ಮಾತ್ರ ನಡೆಸಿದರೆ ಎರಡು ತಿಂಗಳಲ್ಲಿ ಅವರೂ ಬೇಸತ್ತುಹೋಗುತ್ತಾರೆ. ಇದು ಮನೆಯಲ್ಲಿ ನೋಡಿಕೊಳ್ಳುವವರಿಗೂ ಅನ್ವಯಿಸುತ್ತದೆ.

ಹಂತ 10: ಹಳೇ ಕೆಲಸ ಆಗದಿದ್ದರೆ

ಈಗ ಗೇಜ್ ಕಥೆಯ ಉಳಿದ ಅರ್ಧ. ಮೇಸ್ತ್ರಿ ಕೆಲಸ ಸಿಗದ ಅವನು ಕುದುರೆಗಳ ಕೆಲಸ ಹಿಡಿದ. 1852ರಲ್ಲಿ ಚಿಲಿ ದೇಶಕ್ಕೆ ಹೋಗಿ ಅಲ್ಲಿ ವರ್ಷಗಟ್ಟಲೆ ಪ್ರಯಾಣಿಕರ ಕುದುರೆಗಾಡಿ ಓಡಿಸಿದ. ಹಲವು ಕುದುರೆಗಳನ್ನು ಒಟ್ಟಿಗೆ ಹಿಡಿದು ನಡೆಸುವುದು ಸುಲಭದ ಕೆಲಸವಲ್ಲ. ಆದರೆ ಪ್ರತಿದಿನ ಅದೇ ಹೊತ್ತು, ಅದೇ ದಾರಿ, ಅದೇ ಕ್ರಮ. ಈ ಗಟ್ಟಿ ದಿನಚರಿಯೇ ಅವನ ಮೆದುಳು ಮಾಡಲಾಗದ ಜೋಡಣೆಯನ್ನು ಹೊರಗಿನಿಂದ ಮಾಡಿಕೊಟ್ಟಿರಬೇಕು ಎಂದು ನಂತರದ ಸಂಶೋಧಕರು ವಾದಿಸಿದ್ದಾರೆ. 1860ರಲ್ಲಿ ಫಿಟ್ಸ್‌ನಿಂದ ಸಾಯುವ ವರ್ಷದವರೆಗೂ ಅವನು ಒಂದಲ್ಲ ಒಂದು ದುಡಿಮೆಯಲ್ಲಿದ್ದ.

ಹೊಸ ಕೆಲಸ ಹುಡುಕುವಾಗ ಸಂಬಳ, ಹೆಸರುಗಳ ಜೊತೆ ಇದನ್ನೂ ನೋಡಿ: ದಿನ ಎಷ್ಟು ಒಂದೇ ಥರ ಇರುತ್ತದೆ? ಮುಂದಿನ ಹೆಜ್ಜೆ ಏನು ಎಂದು ಕೆಲಸವೇ ಹೇಳುತ್ತದಾ, ತಾನೇ ಯೋಚಿಸಬೇಕಾ? ಒಂದು ಸಲಕ್ಕೆ ಎಷ್ಟು ಜನರ ಜೊತೆ ಮಾತು? ಹಳೇ ಜ್ಞಾನ ಎಲ್ಲಿ ಉಪಯೋಗಕ್ಕೆ ಬರುತ್ತದೆ? ತರಗತಿಯ ಗದ್ದಲ ತಡೆಯಲಾಗದ ಟೀಚರ್ ಒಬ್ಬೊಬ್ಬರೇ ಮಕ್ಕಳಿಗೆ ಪಾಠ ಹೇಳಬಹುದು. ಸೈಟಿನಲ್ಲಿ ಓಡಾಡಲಾಗದ ಇಂಜಿನಿಯರ್ ನಕ್ಷೆ ಪರಿಶೀಲಿಸಬಹುದು. ಅರ್ಧ ದಿನದ ಕೆಲಸ ಕೂಡ ಕೆಲಸವೇ. ಕೆಲವರಿಗೆ ಸಂಬಳದ ಕೆಲಸ ಆಗದೇ ಇರಬಹುದು, ಆಗ ವಾರಕ್ಕೆ ಎರಡು ದಿನ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದೂ ಹೊರಗೆ ಹೋಗಲು ಒಂದು ಕಾರಣ.

ಹಂತ 11: ಆರು ತಿಂಗಳ ನಂತರ

ಕೆಲಸಕ್ಕೆ ಸೇರಿದ ದಿನ ಎಲ್ಲರೂ ಫೈಲ್ ಮುಚ್ಚುತ್ತಾರೆ. ಮುಚ್ಚಬೇಡಿ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ವರ್ಷದವರೆಗಾದರೂ ಕೇಳುತ್ತಿರಿ. "ಹೇಗಿದೆ?" ಎಂದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುವುದು. "ಈ ವಾರ ಯಾವ ದಿನ ಜಾಸ್ತಿ ಸುಸ್ತಾಯ್ತು? ಅವತ್ತು ಏನಿತ್ತು?" ಎಂದು ಕೇಳಿ. ಭಾನುವಾರ ಪೂರ್ತಿ ಮಲಗಿಯೇ ಕಳೆಯುತ್ತಿದ್ದರೆ ಕೆಲಸದ ಭಾರ ಇನ್ನೂ ಜಾಸ್ತಿ ಇದೆ ಎಂದೇ ಅರ್ಥ.

ಎಲ್ಲ ಸರಿಯಾಗಿ ನಡೆಯುತ್ತಿರುವಾಗ ನೋಟ್‌ಬುಕ್ ಬಿಟ್ಟುಬಿಡುವವರಿದ್ದಾರೆ. "ಈಗ ಬೇಕಾಗಿಲ್ಲ, ಹುಷಾರಾಗಿದ್ದೀನಿ" ಎನ್ನುತ್ತಾರೆ. ಸರಿಯಾಗಿ ನಡೆಯುತ್ತಿರುವುದೇ ಅದರಿಂದ, ಕನ್ನಡಕ ಹಾಕಿಕೊಂಡು ಚೆನ್ನಾಗಿ ಕಾಣುತ್ತಿದೆ ಎಂದು ಕನ್ನಡಕ ಬಿಸಾಡಿದ ಹಾಗೆ.

ಇನ್ನೊಂದು ಅಪಾಯದ ಗಳಿಗೆ ಇದೆ: ಕೆಲಸದ ಜಾಗದಲ್ಲಿ ಏನಾದರೂ ಬದಲಾದಾಗ. ಹೊಸ ಸಾಫ್ಟ್‌ವೇರ್, ಹೊಸ ಕಟ್ಟಡ, ಸಹಾಯ ಮಾಡುತ್ತಿದ್ದ ಸಹೋದ್ಯೋಗಿಯ ವರ್ಗಾವಣೆ. ಎಲ್ಲಕ್ಕಿಂತ ಹೆಚ್ಚಾಗಿ ಹೊಸ ಮ್ಯಾನೇಜರ್. ಹಳಬರು ಒಪ್ಪಿಕೊಂಡ ಮೂಲೆಯ ಮೇಜು, ಬರೆದು ಕೊಡುವ ಪದ್ಧತಿ ಹೊಸಬರಿಗೆ ಗೊತ್ತಿರುವುದಿಲ್ಲ. ಐದನೇ ಹಂತದಲ್ಲಿ ಬರೆದ ಆ ಒಂದು ಪುಟ ಇದೆಯಲ್ಲ, ಅದನ್ನು ಹೊಸದಾಗಿ ತಿದ್ದಿ, ದಿನಾಂಕ ಹಾಕಿ, ಅವರು ಬಂದ ಮೊದಲ ವಾರದಲ್ಲೇ ಕೈಗೆ ಕೊಡಿ.